ಸಖರಾಯಪಟ್ಟಣದ ತಾಕೆತೋಮಿ

10 ಆಗಸ್ಟ್ 2025, ಭಾನುವಾರ

ಇವತ್ತು ಸಿಂಹ ಛಾವಣಿ ಹತ್ತಿತು. ಕುಂಬಾರ ಹೊನ್ನಯ್ಯ ನನ್ನ ಫೋನಿನ ಫೋಟೋ ನೋಡಿಕೊಂಡು ಮಾಡಿದ್ದು. ಜಪಾನಿನ ತಾಕೆತೋಮಿ ದ್ವೀಪದ ಸಿಂಹಗಳಿಗೆ ಅರ್ಧ ನಾಯಿಯ ಮುಖ, ಬಾಯಿ ತೆರೆದು ನಗುತ್ತಿವೆಯೋ ಬೊಗಳುತ್ತಿವೆಯೋ ಗೊತ್ತಾಗುವುದಿಲ್ಲ. ನಮ್ಮ ಹೊನ್ನಯ್ಯನ ಸಿಂಹಕ್ಕೆ ದಪ್ಪ ಮೀಸೆ ಬಂದುಬಿಟ್ಟಿದೆ. "ಮೀಸೆ ಯಾಕಯ್ಯಾ ಇಟ್ಟೆ?" ಎಂದರೆ, "ಗಂಡು ಸಿಂಹ ಅಲ್ವಾ ಅಕ್ಕಾ, ಮೀಸೆ ಇಲ್ದಿದ್ರೆ ಯಾರು ಹೆದರ್ತಾರೆ?" ಅಂದ. ಏಣಿ ಹಿಡಿದು ನಿಂತಿದ್ದ ನನ್ನ ಗಂಡ ಧನಪಾಲ್ ನಕ್ಕು ನಕ್ಕು ಕೈಬಿಟ್ಟ, ಹೊನ್ನಯ್ಯ ಬೀಳುವುದರಲ್ಲಿದ್ದ.

ಆ ಪುಟ್ಟ ಜಪಾನಿ ದ್ವೀಪದಲ್ಲಿ ಮೂರು ವರ್ಷ ಚಿಯೊ ಅಜ್ಜಿಯ ತಂಗುಮನೆಯಲ್ಲಿ ಹಾಸಿಗೆ ಮಡಚಿ, ಪಾತ್ರೆ ತೊಳೆದು ಬಂದವಳು ನಾನು. ಸೈಕಲ್ಲಿನಲ್ಲಿ ಒಂದೇ ಬೆಳಿಗ್ಗೆ ಸುತ್ತಿ ಮುಗಿಸಬಹುದಾದ ಊರು. ಅದನ್ನು ನೋಡಲು ಜನ ದೋಣಿ ತುಂಬಿಕೊಂಡು ಬರುತ್ತಾರೆ. ಏನಿದೆ ಅಲ್ಲಿ? ಹವಳದ ಬಿಳಿ ಮರಳು ಹಾಸಿದ ಓಣಿ, ಗಿಡ್ಡ ಕಲ್ಲುಗೋಡೆ, ಕೆಂಪು ಹೆಂಚು, ಹೆಂಚಿನ ಮೇಲೆ ಕೆಟ್ಟದ್ದನ್ನು ಓಡಿಸಲು ಕಾವಲಿಗೊಂದು ಸಿಂಹ, ಎಮ್ಮೆ ಎಳೆಯುವ ಗಾಡಿ, ಮೂರು ತಂತಿಯ ವಾದ್ಯ ನುಡಿಸುತ್ತಾ ಹಾಡುವ ಗಾಡಿಯವನು, ಸಂಜೆ ಸೂರ್ಯ ಮುಳುಗುವುದನ್ನು ನೋಡಲು ಸಮುದ್ರದೊಳಕ್ಕೆ ಚಾಚಿದ ಹಳೇ ಕಟ್ಟೆ. ಅಷ್ಟೇ. ಇಷ್ಟನ್ನು ನಮ್ಮೂರಲ್ಲೂ ಮಾಡಬಹುದಲ್ಲ ಎಂದು ಅಲ್ಲೇ ಹೊಳೆದದ್ದು. ಕಡೂರಿನಿಂದ ಚಿಕ್ಕಮಗಳೂರಿಗೆ ಹೋಗುವ ಕಾರುಗಳೆಲ್ಲ ನಮ್ಮ ಎರಡು ಎಕರೆ ದಾಟಿಯೇ ಹೋಗಬೇಕು. ತರೀಕೆರೆಯಲ್ಲಿ ಕೆಡವಿದ ಹಳೇ ಮನೆಯ ಹೆಂಚು ತಂದೆವು, ಬೆಣಚುಕಲ್ಲು ಪುಡಿ ಮಾಡಿಸಿ ಓಣಿಗೆ ಹಾಸಿದೆವು, ಅಂಚಿಗೆ ಗಿಡ್ಡ ಕಲ್ಲುಗೋಡೆ ಎಬ್ಬಿಸಿದೆವು, ಅಜ್ಜಂಪುರದ ಬಡಗಿ ಗಾಡಿ ಮಾಡಿಕೊಟ್ಟ, ಕೃಷಿ ಹೊಂಡಕ್ಕೆ ಮರದ ಕಟ್ಟೆ ಕಟ್ಟಿದೆವು. ಎಮ್ಮೆಗೆ ಹನಾ ಎಂದು ಹೆಸರಿಟ್ಟಿದ್ದೇನೆ, ಅಲ್ಲಿನ ಮಾತಿನಲ್ಲಿ ಹೂವು ಎಂದರ್ಥ. ಅತ್ತೆ ದುರ್ಗಮ್ಮ ಅವಳನ್ನು ಹನವ್ವ ಎನ್ನುತ್ತಾರೆ. ವಿಜಯದಶಮಿಗೆ ಜನರಿಗೆ ತೆರೆಯಬೇಕು.

ಇದೆಲ್ಲ ಊರಿಗೆ ಹೇಳುವ ಮಾತು. ಊರಿಗೆ ಹೇಳದ್ದನ್ನು ಇಲ್ಲಿ ಬರೆದಿಡುತ್ತೇನೆ. ತಾಕೆತೋಮಿಗೆ ಕುಡಿಯುವ ನೀರು ಪಕ್ಕದ ದ್ವೀಪದಿಂದ ಸಮುದ್ರದಡಿಯ ಪೈಪಿನಲ್ಲಿ ಬರುತ್ತದೆ. ನಾನು ಕಾಲಿಟ್ಟ ಮೊದಲ ದಿನ ಅಜ್ಜಿ ಆ ನೀರನ್ನು ಅರ್ಧ ಕುಡಿದು, ಅದೇ ಲೋಟವನ್ನು ನನ್ನ ಕೈಗಿಟ್ಟಳು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ನಮ್ಮ ಮಾವ ಮಂಜಪ್ಪ ಓಣಿಯಾಚೆಯ ಬೀರಪ್ಪಗೌಡರ ತೆಂಗಿನ ತೋಟದಲ್ಲಿ ನಲವತ್ತು ವರ್ಷ ದುಡಿದರು, ಸಾಯುವವರೆಗೂ ಆ ಮನೆಯ ನೀರನ್ನು ಬೊಗಸೆಯಲ್ಲೇ ಕುಡಿದರು. ಆ ಮನೆಯವರು ಒಬ್ಬರೂ ಇವತ್ತಿನವರೆಗೆ ಆರು ಹೆಜ್ಜೆಯ ಓಣಿ ದಾಟಿ ನಮ್ಮ ಅಂಗಳಕ್ಕೆ ಬಂದಿಲ್ಲ. ಅವರು ಬಂದು, ಕೂತು, ನಮ್ಮ ಮನೆಯ ಒಂದು ಲೋಟ ನೀರು ಕುಡಿಯಬೇಕು. ಅದೊಂದು ನೋಡಿಬಿಟ್ಟರೆ ಸಾಕು, ಬೇರೆ ಪ್ರವಾಸಿಗರು ಬಂದರೆಷ್ಟು ಬಿಟ್ಟರೆಷ್ಟು.

ಬಚ್ಚಲಲ್ಲಿ ಜರಿಹುಳ ಬಂದಿತ್ತು. ಧನಪಾಲ್ ಚಪ್ಪಲಿ ಎತ್ತಿದ. ಪಂಚಶೀಲ ತೆಗೆದುಕೊಂಡವರು ಹೀಗಾ ಮಾಡೋದು ಎಂದು ಬೈದು, ಮೊರದಲ್ಲಿ ಎತ್ತಿ ಬೇಲಿಗೆ ಬಿಟ್ಟು ಬಂದೆ.

17 ಆಗಸ್ಟ್, ಭಾನುವಾರ

ಬೀರಪ್ಪಗೌಡರು ಬಂದರು! ಬಂದರು ಅಂದರೆ ಓಣಿಯವರೆಗೆ.

ಅವರ ಹೆಂಡತಿ ಸುಲೋಚನಮ್ಮ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಲ ಮಣಿಕಟ್ಟು ಮುರಿದುಕೊಂಡಿದ್ದಾರೆ. ಅದಕ್ಕೂ ಮುಂಚೆ ಹಸು ಕಂದು ಹಾಕಿತಂತೆ. ಎರಡಕ್ಕೂ ಕಾರಣ ನನ್ನ ಸಿಂಹವಂತೆ. ನಮ್ಮ ಕಡೆ ಹೊಸ ಕಟ್ಟಡಕ್ಕೆ ದೃಷ್ಟಿಬೊಂಬೆ ಕಟ್ಟುವವರು ಅದರ ಮುಖ ಎದುರು ಮನೆಯ ತಲೆಬಾಗಿಲಿಗೆ ನೇರ ಬೀಳದಂತೆ ಓರೆ ಮಾಡುತ್ತಾರೆ. ನೇರ ಬಿದ್ದರೆ ನಮಗೆ ತಗಲಬೇಕಾದ ಕೆಟ್ಟದ್ದೆಲ್ಲ ಎದುರು ಮನೆಗೆ ನುಗ್ಗುತ್ತದೆ ಎಂದು ನಂಬಿಕೆ. ನನಗೆ ಇದು ಗೊತ್ತಿತ್ತೇ? ಗೊತ್ತಿತ್ತು. ಆದರೆ ನಾವು ಇದನ್ನೆಲ್ಲ ನಂಬುವವರಲ್ಲ, ಸಿಂಹ ಕೂರಿಸುವಾಗ ಯೋಚನೆಗೇ ಬರಲಿಲ್ಲ. ಅಲ್ಲಿ ಸಿಂಹ ಮನೆಯ ಮುಂಭಾಗಕ್ಕೆ ನೋಡುತ್ತದೆ, ನಮ್ಮ ಮುಂಭಾಗದಲ್ಲಿ ಗೌಡರ ಬಾಗಿಲಿದ್ದರೆ ಸಿಂಹ ಏನು ಮಾಡೀತು?

"ಅದೇನೋ ಪ್ರಾಣಿ ಕೂರ್ಸಿದ್ದೀಯಲ್ಲಮ್ಮಾ, ಅದರ ಮೂತಿ ನೆಟ್ಟಗೆ ನಮ್ಮ ತಲೆಬಾಗ್ಲಿಗೇ ನೋಡ್ತೈತೆ. ಒಸಿ ರಸ್ತೆ ಕಡೀಕೆ ತಿರುಗ್ಸಿಬಿಡು ತಾಯಿ," ಎಂದರು ಗೌಡರು. ದನಿಯಲ್ಲಿ ಜೋರಿರಲಿಲ್ಲ.

"ತಿರುಗ್ಸೋಣ ಗೌಡ್ರೇ, ಅದಕ್ಕೇನಂತೆ. ಬನ್ನಿ, ಒಳಗೆ ಬನ್ನಿ. ಕೂತ್ಕಂಡು ಒಂದು ಲೋಟ ನೀರು ಕುಡೀರಿ. ನೀವು ಲೋಟ ಕೆಳಗಿಡೋದ್ರೊಳಗೆ ತಿರುಗ್ಸಿರ್ತೀನಿ."

ಅಷ್ಟೇ ನಾನು ಕೇಳಿದ್ದು. ಗೌಡರು ಒಂದು ಕಾಲು ಮುಂದಿಟ್ಟರು. ನಿಜವಾಗಿ ಇಟ್ಟರು, ಬೆಣಚುಪುಡಿಯ ಮೇಲೆ ಅವರ ಮೆಟ್ಟಿನ ಗುರುತನ್ನು ಆಮೇಲೆ ಹೋಗಿ ನೋಡಿದ್ದೇನೆ. ಅಷ್ಟರಲ್ಲಿ ಅವರ ಮಗ ದುಶ್ಯಂತ್ ಬೈಕಿನ ಮೇಲೆ ಕೂತಲ್ಲಿಂದಲೇ, "ಅಪ್ಪಾ, ಏನ್ ಮಾಡ್ತಿದ್ದೀಯಾ?" ಅಂದ. ಕಾಲು ಹಿಂದೆ ಹೋಯಿತು.

ಒಳಗಿಂದ ಅತ್ತೆ ಓಡಿಬಂದು, "ತಿರುಗಿಸ್ತಾಳೆ ಬುದ್ಧಿ, ತಿರುಗಿಸ್ತಾಳೆ, ಅವಳಿಗೆ ತಿಳುವಳಿಕೆ ಸಾಲ್ದು," ಎಂದು ಕೈಮುಗಿದರು. ಬುದ್ಧಿಯಂತೆ ಬುದ್ಧಿ! ಮೈಯೆಲ್ಲ ಉರಿದುಹೋಯಿತು. "ಈ ಮನೇಲಿ ನೀರು ಕುಡಿಯೋವರೆಗೂ ಅದು ಹಂಗೇ ನೋಡ್ತಾ ಕೂತಿರ್ತದೆ," ಎಂದು ಹೇಳಿ ಬಾಗಿಲು ಹಾಕಿಕೊಂಡೆ.

ಧನಪಾಲ್ ಕಡೂರಿನಲ್ಲಿ ಗ್ಯಾರೇಜ್ ಮೆಕ್ಯಾನಿಕ್. ಸಂಜೆ ಬಂದು ಎಲ್ಲ ಕೇಳಿ, "ಉಳಿ ಕೊಟ್ಟು ಎಬ್ಬಿಸಿದ್ರೆ ಹತ್ತು ನಿಮಿಷದ ಕೆಲ್ಸ ಕಣೇ, ತಿರುಗ್ಸಿಬಿಡಾನ," ಅಂದ. ನಾನು ಒಪ್ಪಲಿಲ್ಲ. ನನ್ನ ಗಂಡನಿಗೆ ಜಗಳ ಅಂದರೆ ಹೊಟ್ಟೆನೋವು. ಸುಮ್ಮನೆ ಹೇಳುತ್ತಿಲ್ಲ, ನಿಜವಾಗಿಯೂ ಬರುತ್ತದೆ, ಸೋಡಾ ಕುಡಿದು ಮಲಗಿದ.

20 ಆಗಸ್ಟ್, ಬುಧವಾರ

ಎದುರು ಮನೆಯವರು ಮೊರದಗಲದ ರಾಕ್ಷಸನ ಮುಖ ತಂದು ತೂಗುಹಾಕಿದ್ದಾರೆ, ನಾಲಿಗೆ ನಮ್ಮ ಕಡೆಗೆ. ಪಕ್ಕದಲ್ಲಿ ಒಂದು ಕನ್ನಡಿ. ಬೆಳಗಿನ ಬಿಸಿಲು ಅದಕ್ಕೆ ತಾಗಿ ನೇರ ನನ್ನ ಅಡುಗೆಮನೆಗೆ ಬರುತ್ತದೆ, ಅಕ್ಕಿ ಆರಿಸಲು ಒಳ್ಳೇ ಬೆಳಕಾಯಿತು. ಸಿಂಹವೂ ರಾಕ್ಷಸನೂ ದಿನವಿಡೀ ಒಬ್ಬರನ್ನೊಬ್ಬರು ದಿಟ್ಟಿಸಿಕೊಂಡು ಕೂತಿರುತ್ತಾರೆ. ಪ್ರವಾಸಿಗರಿಗೆ ಇದನ್ನೂ ತೋರಿಸಬಹುದು.

28 ಆಗಸ್ಟ್, ಗುರುವಾರ

ಅತ್ತೆಯ ಹಣೆಗೆ ಐದು ಹೊಲಿಗೆ ಬಿದ್ದಿದೆ.

ಬೆಳಿಗ್ಗೆ ಓಣಿ ಗುಡಿಸುತ್ತಿದ್ದೆ. ತಾಕೆತೋಮಿಯಲ್ಲಿ ಪ್ರತಿ ಮನೆಯವರೂ ಬೆಳಿಗ್ಗೆದ್ದು ತಮ್ಮ ಮುಂದಿನ ಬಿಳಿ ಮರಳನ್ನು ಗುಡಿಸುತ್ತಾರೆ, ಪೊರಕೆಯ ಗೆರೆಗಳನ್ನು ನೋಡುವುದೇ ಒಂದು ಚಂದ. ನಾನೂ ಗೆರೆ ಬಿಡುತ್ತಾ ಬರುತ್ತಿದ್ದೆ. ಅತ್ತೆ ಜಗುಲಿಯ ಮೇಲೆ ಅಲಸಂದೆಕಾಯಿ ಸುಲಿಯುತ್ತಿದ್ದರು. ದುಶ್ಯಂತ್ ಮುಷ್ಟಿ ಗಾತ್ರದ ಕಲ್ಲನ್ನು ಸಿಂಹಕ್ಕೆ ಬೀಸಿದ. ಸಿಂಹಕ್ಕೆ ತಾಗಲಿಲ್ಲ. ಹೆಂಚಿಗೆ ಬಡಿದು ಜಾರಿ ಅತ್ತೆಯ ಹಣೆಗೆ ಬಿತ್ತು. ಅಲಸಂದೆಕಾಯಿಯ ಮೊರದಲ್ಲೆಲ್ಲ ರಕ್ತ. ಅತ್ತೆ ಕೂಗಲೂ ಇಲ್ಲ, "ಏನೂ ಆಗಿಲ್ಲ, ಏನೂ ಆಗಿಲ್ಲ," ಅನ್ನುತ್ತಲೇ ಇದ್ದರು.

ನಾನು ಹೊಡೆಯಲಿಲ್ಲ. ಹೋಗಿ ತಳ್ಳಿದೆ, ಅಷ್ಟೇ. ಬಿದ್ದವನು ಏಳುವಾಗ ಪೊರಕೆ ಅವನ ಬೆನ್ನಿಗೆ ತಾಗಿತು. ಮುಖಕ್ಕೂ ತಾಗಿತು. ಒಂದು ನಾಲ್ಕೈದು ಸಲ ತಾಗಿರಬಹುದು. ಹಾಲಿನ ಡೈರಿಗೆ ಹೊರಟಿದ್ದವರು ನಿಂತು ನೋಡಿದರು. "ಪೊರಕೇಲಿ ಹೊಡಿಸ್ಕಂಡ್ಯಲ್ಲೋ, ಅದೂ ಇವಳ ಕೈಲಿ!" ಎಂದು ಯಾರೋ ನಕ್ಕರು. ದುಶ್ಯಂತ್ ಜಾತಿ ಹಿಡಿದು ಬೈದ, ಕೊನೆಗೆ, "ನಿನ್ನ ಗಂಡ ಇನ್ನು ಯಾವ ಕೈಲಿ ಉಣ್ತಾನೋ ನೋಡ್ತೀನಿ," ಎಂದು ಹೋದ.

ಸಂಜೆ ಗೌಡರು ನಾಲ್ಕು ಎಳನೀರು ತಂದು ನಮ್ಮ ಗೋಡೆಯ ಮೇಲಿಟ್ಟು ಹೋದರು. ಗೋಡೆಯ ಮೇಲೆ! ಒಳಗೆ ಬಂದು ಅತ್ತೆಯ ಕೈಗೆ ಕೊಡಲಾಗಲಿಲ್ಲ. ಒಂದೊಂದನ್ನೂ ಅವರ ಬಾಗಿಲಿಗೆ ಎಸೆದೆ. ಮೂರನೆಯದು ರಾಕ್ಷಸನ ಮುಖಕ್ಕೇ ಬಿದ್ದು ಒಂದು ಕೋರೆಹಲ್ಲು ಹಾರಿತು. ನನ್ನ ಗುರಿ ಇಷ್ಟು ಚೆನ್ನಾಗಿದೆ ಎಂದು ನನಗೇ ಗೊತ್ತಿರಲಿಲ್ಲ.

4 ಸೆಪ್ಟೆಂಬರ್, ಗುರುವಾರ

ಧನಪಾಲನ ಬಲಗೈಯ ಮೂರು ಬೆರಳು ಮುರಿದಿದ್ದಾರೆ.

ಗ್ಯಾರೇಜಿನಿಂದ ಬರುವಾಗ ತಿರುವಿನಲ್ಲಿ ಮೂವರು ಬೈಕಿಗೆ ಅಡ್ಡ ನಿಂತರಂತೆ. ಇಬ್ಬರು ಹಿಡಿದುಕೊಂಡರು. ದುಶ್ಯಂತ್ ಅವನ ಕೈಯನ್ನು ಮೈಲಿಗಲ್ಲಿನ ಮೇಲಿಟ್ಟು, ಅವನದೇ ಟೂಲ್ ಬ್ಯಾಗಿನ ಸ್ಪ್ಯಾನರ್ ತೆಗೆದು ಹೊಡೆದ. "ಪೊರಕೆಗೆ ಇದು," ಅಂದನಂತೆ. ಒಂದೊಂದು ಬೆರಳಿಗೂ ಹೇಳಿದನಂತೆ.

ರಾತ್ರಿ ಊಟಕ್ಕೆ ಎಡಗೈಯಲ್ಲಿ ಮುದ್ದೆ ಮುರಿಯಲು ಒದ್ದಾಡುತ್ತಿದ್ದ. ನಾನೇ ತುತ್ತು ಮಾಡಿ ತಿನ್ನಿಸಿದೆ. ಮದುವೆಯಾಗಿ ಹನ್ನೊಂದು ವರ್ಷ, ಒಂದು ದಿನ ನನಗೆ ಏ ಎಂದವನಲ್ಲ. ನಾನು ಜಪಾನಿಗೆ ಹೋಗುತ್ತೇನೆ ಎಂದಾಗ ಊರೆಲ್ಲ ಆಡಿಕೊಂಡರೂ ಬಸ್ಸು ಹತ್ತಿಸಿ ಬಂದವನು. ಆ ಬೆರಳುಗಳ ಪಟ್ಟಿಯ ಮೇಲೆ ಬಿದ್ದ ಸಾರನ್ನು ಸೆರಗಿನಿಂದ ಒರೆಸಿದೆ.

"ಕಂಪ್ಲೇಂಟ್ ಕೊಡಾಣ ನಡೀರಿ," ಎಂದೆ.

"ಬೇಡ ಮಾಯಾ. ಇದು ಹಂಗೆ ಮುಗಿಯಲ್ಲ. ಸಿಂಹ ಇಳಿಸ್ಬಿಡು. ಅವರು ನೀರು ಕುಡೀದಿದ್ರೆ ಕತ್ತೆ ಬಾಲ, ನಾವು ಕುಡ್ಕಳಣ. ನನಗೋಸ್ಕರ ಇಳಿಸು."

"ನಿಮಗೋಸ್ಕರಾನೇ ಇಳಿಸಲ್ಲ. ಈಗ ಇಳಿಸಿದ್ರೆ ಬೆರಳು ಮುರಿದದ್ದಕ್ಕೆ ಇಳಿಸಿದ್ರು ಅಂತಾರೆ."

ಅವನು ಗೋಡೆ ಕಡೆ ತಿರುಗಿ ಮಲಗಿದ. ಕೆಲವು ಸಲ ನನ್ನ ಗಂಡ ಬುದ್ಧನಿಗಿಂತ ಒಂದು ಕೈ ಮೇಲೆ. ನನಗೆ ಸಿಟ್ಟು ಬಂದದ್ದು ದುಶ್ಯಂತನ ಮೇಲೋ ಇವನ ಮೇಲೋ ಗೊತ್ತಾಗಲಿಲ್ಲ.

9 ಸೆಪ್ಟೆಂಬರ್, ಮಂಗಳವಾರ

ಗೋಡೆಯ ಮೇಲೆ ಗಾಜಿನ ಚೂರು ನೆಟ್ಟೆ. ಹಳೇ ಬಾಟಲಿ ಎರಡು ಮೂಟೆ ಸಿಕ್ಕಿತು, ಎಲ್ಲ ನಾನೇ ಒಡೆದೆ. ಒಡೆಯುವ ಕೆಲಸ ಮನಸ್ಸಿಗೆ ಎಷ್ಟು ಹಗುರ! ತಾಕೆತೋಮಿಯ ಗೋಡೆಗಳ ಮೇಲೆ ದಾಸವಾಳ ಬಾಗಿರುತ್ತದೆ. ಇಲ್ಲೂ ಮೇಲೆ ದಾಸವಾಳ ಹಬ್ಬಿಸಿದರೆ ಗಾಜು ಕಾಣುವುದಿಲ್ಲ.

ಸಂಜೆ ಸುಲೋಚನಮ್ಮನ ಮೇಕೆ ಹಾರಲು ಹೋಗಿ ಕೆಚ್ಚಲು ಸೀಳಿಕೊಂಡಿತು. ಒಂದು ಗಳಿಗೆ ಕೂಗಾಡಿತು. ಸುಲೋಚನಮ್ಮ ಒಂದೇ ಕೈಯಲ್ಲಿ ಅದನ್ನು ಎತ್ತಿಕೊಳ್ಳಲಾಗದೆ ಎಳೆದುಕೊಂಡು ಹೋದರು. ಕಿಟಕಿಯಲ್ಲಿ ನಿಂತು ನೋಡಿದೆ. ಮೇಕೆಗೆ ನಮ್ಮ ಗೋಡೆಯಲ್ಲೇನು ಕೆಲಸ?

16 ಸೆಪ್ಟೆಂಬರ್, ಮಂಗಳವಾರ

ಹನಾ ಹೋದಳು.

ಧನಪಾಲನ ಪಟ್ಟಿ ಬದಲಿಸಲು ಚಿಕ್ಕಮಗಳೂರಿಗೆ ಹೋಗಿದ್ದೆವು. ಮಧ್ಯಾಹ್ನ ವಾಪಸು ಬಂದಾಗ ಅಂಗಳದಲ್ಲಿ ಸಿಂಹದ ಚೂರು. ಮೀಸೆಯ ಒಂದು ತುಂಡು ಮೆಟ್ಟಿಲ ಹತ್ತಿರ. ಅತ್ತೆ ಒಳಗೆ ಚಿಲಕ ಹಾಕಿಕೊಂಡಿದ್ದರು, ಎಷ್ಟು ಕೂಗಿದರೂ ತೆಗೆಯಲಿಲ್ಲ. ಹಿಂದೆ ಹೋಗಿ ನೋಡಿದರೆ ಹನಾ ಕೂತಿದ್ದಳು. ಕೂತ ಹಾಗೆ ಕಂಡಿತು. ಹಿಂಗಾಲು ಎರಡರ ನರವನ್ನೂ ಮಚ್ಚಿನಲ್ಲಿ ಕಡಿದಿದ್ದರು. ನನ್ನನ್ನು ನೋಡಿ ಏಳಲು ಹೋದಳು. ಬಿದ್ದಳು. ಮತ್ತೆ ಏಳಲು ಹೋದಳು. ನಾನು ಬೇಡ ಬೇಡ ಅನ್ನುತ್ತಾ ಅವಳ ಕೊಂಬು ಹಿಡಿದುಕೊಂಡು ಕೂತೆ.

ದನದ ಡಾಕ್ಟರು ನೋಡಿ, ಇದು ಇನ್ನು ಏಳುವುದಿಲ್ಲ ಎಂದರು. ಇಂಜೆಕ್ಷನ್ ಕೊಟ್ಟರು. ಅವಳು ಗಾಡಿಗೆ ಹೂಡಿದರೆ ನನ್ನ ಕೆಟ್ಟ ಹಾಡಿಗೂ ಹೆಜ್ಜೆ ಹಾಕುತ್ತಿದ್ದಳು.

ಕಿಟಕಿಯಿಂದ ಕಂಡದ್ದು ದುಶ್ಯಂತನೇ ಎಂದು ಅತ್ತೆ ಸಂಜೆ ಹೇಳಿದರು. ಯಾರಿಗೂ ಹೇಳಬೇಡ ಎಂದೂ ಹೇಳಿದರು. ನಾನು ಅಳಲಿಲ್ಲ. ಧನಪಾಲ್ ಅತ್ತ.

17 ಸೆಪ್ಟೆಂಬರ್, ಬುಧವಾರ

ಬರೆಯಲು ಏನಿಲ್ಲ. ಬಚ್ಚಲಲ್ಲಿ ಎರಡು ಜರಿ. ತುಳಿದೆ.

20 ಸೆಪ್ಟೆಂಬರ್, ಶನಿವಾರ

ಹೊನ್ನಯ್ಯನ ಮನೆಗೆ ಹೋಗಿ, ಹಿಂದಿನದರ ಎರಡರಷ್ಟು ದೊಡ್ಡ ಸಿಂಹ ಬೇಕು ಎಂದೆ. ಕಣ್ಣು ಕೆಂಪಗಿರಬೇಕು, ಹಲ್ಲು ಉದ್ದ ಇರಬೇಕು.

"ಅಕ್ಕಾ, ನನ್ನನ್ನ ಬಿಟ್ಬಿಡಿ. ನಾನು ಅವರ ಕಡೆಯವರಿಗೂ ಮಡಕೆ ಮಾರ್ಬೇಕು," ಅಂದ.

"ಆಯ್ತು ಬಿಡಪ್ಪ. ನಿನ್ನ ಆವಿಗೆಯಲ್ಲಿ ಇರೋ ಮಡಕೆಗಳಿಗೆ ನಾಳೆ ಏನಾದ್ರೂ ಆದ್ರೆ ನನ್ನನ್ನ ಕೇಳ್ಬೇಡ."

ತಮಾಷೆಗೆ ಅಂದದ್ದು. ಅವನ ಹೆಂಡತಿ ಯಾಕೋ ಒಳಗೆ ಎದ್ದು ಹೋದಳು. ಐದು ದಿನದಲ್ಲಿ ಮಾಡಿಕೊಡುತ್ತೇನೆ ಎಂದು ಒಪ್ಪಿಕೊಂಡ. ಒಳ್ಳೆಯವನು ಹೊನ್ನಯ್ಯ.

26 ಸೆಪ್ಟೆಂಬರ್, ಶುಕ್ರವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ನಿನ್ನೆ ಹೊಸ ಸಿಂಹ ಕೂರಿಸಿದೆವು. ಇವತ್ತು ಬೆಳಿಗ್ಗೆ ಹತ್ತು ಗಂಟೆಗೆ ಹೆಂಚು ಒಡೆಯುವ ಸದ್ದಾಯಿತು. ಹೊರಗೆ ಬಂದು ನೋಡಿದರೆ ದುಶ್ಯಂತ್ ನಮ್ಮದೇ ಏಣಿ ಹಾಕಿಕೊಂಡು ಮೇಲೆ ಹತ್ತಿದ್ದಾನೆ, ಕೈಯಲ್ಲಿ ಸುತ್ತಿಗೆ.

"ಇಳಿಯೋ ಕೆಳಗೆ!"

"ಇಳಿಯಲ್ಲ, ಏನ್ ಕಿತ್ಕತೀಯಾ ಕಿತ್ಕ ಹೋಗೇ!"

ಮೂಲೆಯಲ್ಲಿ ದೋಟಿ ಇತ್ತು. ಎಳನೀರು ಕೀಳುವ ಉದ್ದ ಬಿದಿರು, ತುದಿಗೆ ಕುಡುಗೋಲು. ಅದನ್ನು ಅವನ ಕಾಲಿಗೆ ಸಿಕ್ಕಿಸಿ ಎಳೆಯೋಣ ಎಂದಿದ್ದೆ. ಅವನು ಬಗ್ಗಿದ. ಮುಖಕ್ಕೆ ಹೋಯಿತು. ಹೋಯಿತು ಎಂದು ಗೊತ್ತಾಯಿತು. ಎಳೆದೆ.

ಉರುಳಿ ಗಾಜಿನ ಗೋಡೆಯ ಮೇಲೆ ಬಿದ್ದು, ಅಲ್ಲಿಂದ ಬಿಳಿ ಓಣಿಗೆ ಬಿದ್ದ. ದೋಟಿಯ ಹಿಂಭಾಗದಿಂದ ಹೊಡೆದೆ. ಇದು ಅತ್ತೆಗೆ, ಇದು ಹನಾಗೆ ಎಂದು ನಾನೂ ಹೇಳಿದೆ. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, "ಅಕ್ಕಾ, ಅಕ್ಕಾ, ಬ್ಯಾಡಕ್ಕಾ," ಅಂದ. ಇಷ್ಟು ವರ್ಷದಲ್ಲಿ ಅವನು ನನ್ನನ್ನು ಅಕ್ಕಾ ಎಂದದ್ದು ಅದೇ ಮೊದಲು. ಅದು ಕೇಳಿಸಿದ ಮೇಲೂ ಮೂರೋ ನಾಲ್ಕೋ ಹೊಡೆದಿರಬೇಕು. ಧನಪಾಲ್ ಹಿಂದಿನಿಂದ ತಬ್ಬಿ ಹಿಡಿದ. ಕೊಡವಿದೆ. ಅವನೂ ಬಿದ್ದ, ಕೂಡುತ್ತಿದ್ದ ಬೆರಳುಗಳ ಮೇಲೇ ಬಿದ್ದನಂತೆ. ಸುಮ್ಮನೆ ಇದ್ದಿದ್ದರೆ ಅವನಿಗೇನೂ ಆಗುತ್ತಿರಲಿಲ್ಲ.

ಬೀರಪ್ಪಗೌಡರು ಬರಿಗಾಲಲ್ಲಿ ಓಣಿಗೆ ಓಡಿಬಂದು ಮಗನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಆಗ ನಾನು, "ಈಗ ಬಂದ್ರಾ ಗೌಡ್ರೇ? ಒಳಗೆ ಬನ್ನಿ, ನೀರು ತತ್ತೀನಿ," ಎಂದೆನಂತೆ. ನನಗೆ ನೆನಪಿಲ್ಲ, ಧನಪಾಲ್ ಹೇಳಿದ.

29 ಸೆಪ್ಟೆಂಬರ್, ಸೋಮವಾರ

ದುಶ್ಯಂತ್ ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದಾನೆ. ಎಡಗಣ್ಣು ತೆಗೆದಿದ್ದಾರೆ.

ಪೊಲೀಸರು ಬಂದು ಎಲ್ಲ ಬರೆದುಕೊಂಡು ಹೋದರು. ನಮ್ಮ ಛಾವಣಿ ಹತ್ತಿದವನು ಅವನು, ಜಾತಿ ಹಿಡಿದು ಬೈದವನು ಅವನು, ಮಚ್ಚು ತಂದವನು ಅವನು. ಹಾಗೆಂದೇ ಹೇಳಿದೆ. ಮಚ್ಚು ಹೂವಿನ ಗಿಡದ ಬುಡದಲ್ಲಿ ಸಿಕ್ಕಿತು, ತೋರಿಸಿದೆ. ಆರನೇ ತಾರೀಕು ಕಡೂರಿಗೆ ಹೋಗಿ ಹೇಳಿಕೆಗೆ ಸಹಿ ಹಾಕಬೇಕು. ಸಹಿ ಬಿದ್ದರೆ ಕೊಲೆಗೆ ಬಂದವನು ಎಂದಾಗುತ್ತದೆ, ಆಸ್ಪತ್ರೆಯಿಂದ ನೇರ ಜೈಲಿಗೆ.

"ಅವನ ಕೈಲಿ ಸುತ್ತಿಗೆ ಇತ್ತಲ್ಲೇ. ಆ ಮಚ್ಚು ನಮ್ಮ ಮನೇದಿದ್ದಂಗೈತೆ," ಅಂದ ಧನಪಾಲ್.

"ಎಲ್ಲ ಮಚ್ಚೂ ಒಂದೇ ಥರ ಇರ್ತಾವೆ," ಎಂದೆ. ಹನಾಳನ್ನು ಕಡಿಯಲು ಮಚ್ಚು ತಂದವನು ನನ್ನನ್ನು ಕಡಿಯಲು ತರುವುದಿಲ್ಲ ಎಂದು ಏನು ಗ್ಯಾರಂಟಿ?

ಅತ್ತೆ ಒಂದು ವಾರ ತರೀಕೆರೆಯ ಮಗಳ ಮನೆಯಲ್ಲಿ ಇದ್ದು ಬರುತ್ತಾರಂತೆ. ಧನಪಾಲ್ ಬಿಟ್ಟು ಬರಲು ಹೋಗಿದ್ದಾನೆ, ಎರಡು ದಿನ ಇದ್ದು ಬರುತ್ತಾನಂತೆ. ಎರಡು ದಿನಕ್ಕೆ ಸ್ವೆಟರು, ಟೂಲ್ ಬ್ಯಾಗು, ಬಾಬಾಸಾಹೇಬರ ಫೋಟೋ ಎಲ್ಲ ಯಾಕೆ ತೆಗೆದುಕೊಂಡು ಹೋದನೋ ಗೊತ್ತಾಗಲಿಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು ಏನೋ ಹೇಳಲು ಬಾಯಿ ತೆರೆದ. ಬಸ್ಸು ತಪ್ಪುತ್ತದೆ ಹೋಗಿ ಎಂದು ನಾನೇ ಗದರಿ ಕಳಿಸಿದೆ.

2 ಅಕ್ಟೋಬರ್, ಗುರುವಾರ, ವಿಜಯದಶಮಿ

ತೆರೆದೆ. ಹನ್ನೊಂದು ಕಾರು ಬಂದವು. ಎಮ್ಮೆಯಿಲ್ಲದ ಗಾಡಿಯಲ್ಲೇ ಕೂತು ಫೋಟೋ ತೆಗೆಸಿಕೊಂಡರು. ನಕ್ಷತ್ರದಾಕಾರದ ಮರಳಿನ ಪುಟ್ಟ ಶೀಶೆಯನ್ನು ಅಲ್ಲಿಂದ ತಂದಿದ್ದೆ, ಅದನ್ನು ಭೂತಗನ್ನಡಿಯಲ್ಲಿ ನೋಡಲು ಸಾಲು ನಿಂತರು. ಇವು ಮರಳಲ್ಲ, ಸತ್ತ ಪುಟ್ಟ ಜೀವಿಗಳ ಚಿಪ್ಪು ಎಂದು ಹೇಳಿದೆ. ಅಲ್ಲಿನ ಜನ ಊರನ್ನು ಕೊಳೆ ಮಾಡುವುದಿಲ್ಲ, ಕೆಡಿಸುವುದಿಲ್ಲ, ಒಬ್ಬರ ನೆಮ್ಮದಿಗೆ ಇನ್ನೊಬ್ಬರು ಅಡ್ಡ ಬರುವುದಿಲ್ಲ ಎಂದೆಲ್ಲ ಹೇಳಿದೆ. ಚೆನ್ನಾಗಿ ಹೇಳಿದೆನಂತೆ, ಒಬ್ಬರು ವಿಡಿಯೋ ಮಾಡಿಕೊಂಡರು.

"ಜಪಾನಲ್ಲೂ ಗೋಡೆ ಮೇಲೆ ಗಾಜು ಹಾಕ್ತಾರಾ?" ಎಂದು ಒಬ್ಬ ಹುಡುಗಿ ಕೇಳಿದಳು.

"ಹೂಂ, ಅಲ್ಲೂ ಹಿಂಗೇ," ಎಂದೆ.

ಕುಡಿಯಲು ಕೇಳಿದವರಿಗೆಲ್ಲ ನೀರು ಕೊಟ್ಟೆ. ಯಾವ ಯಾವ ಊರಿನವರೋ, ಗಟಗಟ ಕುಡಿದು ಲೋಟ ಇಟ್ಟು ಹೋದರು. ನನಗೆ ಏನೂ ಅನ್ನಿಸಲಿಲ್ಲ. ನಮ್ಮ ಓಣಿಯವರು ಯಾರೂ ಬರಲಿಲ್ಲ. ಧನಪಾಲ್ ಫೋನ್ ಎತ್ತುತ್ತಿಲ್ಲ, ತರೀಕೆರೆಯಲ್ಲಿ ಸಿಗ್ನಲ್ ಇಲ್ಲವೇನೋ.

5 ಅಕ್ಟೋಬರ್, ಭಾನುವಾರ

ಬಂದರು. ಇವತ್ತು ಬಂದರು.

ಮಧ್ಯಾಹ್ನ ಮೂರು ಗಂಟೆ. ಬೆಂಗಳೂರಿನ ಗಂಡಹೆಂಡತಿ ಇಬ್ಬರು ಹೊಂಡದ ಕಟ್ಟೆಯ ಮೇಲೆ ಫೋಟೋ ತೆಗೆದುಕೊಳ್ಳುತ್ತಿದ್ದರು. ಸುಲೋಚನಮ್ಮ ಒಬ್ಬರೇ ಓಣಿ ದಾಟಿದರು. ಮೆಟ್ಟನ್ನು ಅವರ ಕಡೆಯ ಅಂಚಿನಲ್ಲೇ ಬಿಟ್ಟು, ಕಾದ ಬೆಣಚುಪುಡಿಯ ಮೇಲೆ ಬರಿಗಾಲಲ್ಲಿ ಬಂದರು. ಅಂಗಳದ ನಡುವೆ ನೆಲದ ಮೇಲೆ ಕೂತರು.

"ಮೇಲೆ ಕೂತ್ಕಳಿ," ಎಂದು ಕುರ್ಚಿ ತೋರಿಸಿದೆ. ತಕ್ಷಣ ಎದ್ದು ಕುರ್ಚಿಯ ತುದಿಯಲ್ಲಿ ಕೂತರು.

"ಒಂದು ಲೋಟ ನೀರು ಕೊಡವ್ವ," ಎಂದರು. ನಾನು ಕೇಳುವ ಮೊದಲೇ ಅವರೇ ಕೇಳಿದರು.

ತಂದುಕೊಟ್ಟೆ. ಬಲಗೈಗೆ ಇನ್ನೂ ಪಟ್ಟಿ ಇದೆ. ಎಡಗೈಯಲ್ಲಿ ಲೋಟ ಎತ್ತಿ, ತುಟಿಗೆ ತಾಗಿಸದೆ ಮೇಲಿನಿಂದ ಬಾಯಿಗೆ ಸುರಿದುಕೊಳ್ಳಲು ಹೋದರು.

"ಎತ್ತಿ ಬೇಡ. ಕಚ್ಚಿ ಕುಡೀರಿ."

ಲೋಟಕ್ಕೆ ತುಟಿ ಇಟ್ಟು ಕುಡಿದರು. ಎಡಗೈಯ ಅಭ್ಯಾಸವಿಲ್ಲದೆ ಅರ್ಧ ನೀರು ಸೆರಗಿಗೆ ಹೋಯಿತು. ನನ್ನ ಮಾವ ಇದನ್ನು ನೋಡಬೇಕಿತ್ತು ಎಂದುಕೊಂಡೆ. ಸಂತೋಷವಾಯಿತು. ಸುಳ್ಳು ಯಾಕೆ ಬರೆಯಲಿ, ತುಂಬ ಸಂತೋಷವಾಯಿತು.

"ಇನ್ನೊಂದು?" ಎಂದೆ. ಹೂಂ ಎಂದರು. ಅದನ್ನೂ ಕುಡಿದರು. ಮೂರನೆಯದನ್ನು ತಂದೆ. ಮೂರನೆಯದನ್ನು ಒಂದೊಂದೇ ಗುಟುಕಾಗಿ, ನನ್ನ ಮುಖ ನೋಡುತ್ತಾ ಕುಡಿದರು.

ಆಮೇಲೆ ಹೇಳಿದರು. "ಒಂದು ಕಣ್ಣು ಹೋಯ್ತು ಕಣವ್ವ ಅವನಿಗೆ. ಅವನು ಮಾಡಿದ್ದು ತಪ್ಪೇ, ಇಲ್ಲ ಅನ್ನಲ್ಲ. ಆದ್ರೆ ಅವತ್ತು ಸುತ್ತಿಗೆ ತಗಂಡು ಬಂದಿದ್ದ, ಮಚ್ಚಿರಲಿಲ್ಲ. ಅದು ನಿನಗೂ ಗೊತ್ತು. ನಾಳೆ ಅದೊಂದು ಮಾತು ಹೇಳ್ಬಿಡು."

"ಗೌಡ್ರು ಬರಲಿಲ್ವಾ?" ಎಂದೆ.

"ಮಂಚ ಬಿಟ್ಟು ಏಳ್ತಿಲ್ಲ ಅವರು. ನೀನು ಕರಿ ಅಂದ್ರೆ ಈಗ್ಲೇ ಹೊತ್ಕಂಡಾದ್ರೂ ಕರ್ಕಬತ್ತೀನಿ. ಅವರೂ ಕುಡೀತಾರೆ. ಆಸ್ಪತ್ರೆಯಿಂದ ಬಂದ್ರೆ ಅವನೂ ಕುಡೀತಾನೆ. ಇನ್ನೆಷ್ಟು ಕುಡೀಬೇಕು ಹೇಳವ್ವ, ನಾವೆಲ್ಲ ಕುಡೀತೀವಿ. ನನ್ನ ಮಗನ್ನ ಮಾತ್ರ ಬಿಟ್ಬಿಡು."

ಹೊಟ್ಟೆಯಲ್ಲಿ ಇನ್ನು ಜಾಗವಿರಲಿಲ್ಲ ಎಂದು ಕಾಣುತ್ತದೆ, ಒಂದು ಸಲ ಬಿಕ್ಕಳಿಸಿ ಸೆರಗಿನಿಂದ ಬಾಯಿ ಒತ್ತಿಕೊಂಡರು. ನಾನು ಅವರ ಕೈಯಿಂದ ಲೋಟ ತೆಗೆದುಕೊಂಡು ಹೋಗಿ ಮತ್ತೆ ತುಂಬಿಸಿ ತಂದೆ.